ಚಿತ್ರದೊಳಗಿನ ಕೊಡ

ಹೊಸ ಪುಸ್ತಕದ ಗೋಂದಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಒಂದು ಕಡೆ ಕೂಡಲಾಗುವುದಿಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅವತ್ತಿನ ಮಂಗತನ ನನ್ನದೇ. ಕೆಮ್ಮು, ನಡಿಗೆ, ಆಕಳಿಕೆ, ಯಾರದನ್ನೂ ಬಿಡದೆ ಅಣಕಿಸುತ್ತಿದ್ದೆ. ಕನ್ನಡಿ ಸಿಕ್ಕರೆ ನನ್ನ ಚಪ್ಪಟೆ ಮೂಗನ್ನೂ ಬಿಡುತ್ತಿರಲಿಲ್ಲ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಲ್ಲಿಯವರೆಗೆ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ನಮ್ಮ ಕಾಕಾನಿಗೆ ಇನ್ನು ಕನ್ನಡ ಕಲಿಸಬೇಕೆಂದು ಹುಕುಂ ಬಂತು. ಅವನೊಂದು ಚಿತ್ರದ ಪುಸ್ತಕ ತಂದು, ಊರಂಚಿನ ಚಿದ್ರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳನ್ನೆಲ್ಲ ಕೂಡಿಸಿದ. ಬಲದಿಂದ ಎಡಕ್ಕೆ ಓದುವ ಉರ್ದುವಿನ ರೂಢಿ ಕೈ ಬಿಡಬೇಕಲ್ಲ! ಪುಸ್ತಕವನ್ನು ಹಿಂದಿನಿಂದ ತೆರೆದ. ಹೀಗಾಗಿ ಅ ಆ ಇ ಈ ಅಕ್ಷರಗಳಿಗಿಂತ ಮೊದಲು ನಾವು ಕಂಡದ್ದು ಕೊನೆಯ ಪುಟ: ನಡುವೆ ಒಂದು ಕೊಡ, ಸುತ್ತಲೂ ಕರಿಯ, ಬಿಳಿಯ, ಗೋಧಿಬಣ್ಣದ ಮಕ್ಕಳು, ಕೈಯಿಂದ ಕೈಗೆ ಒಂದೇ ತಂಬಿಗೆ. "ಎಲ್ಲಾ ಮಕ್ಕಳೂ ಒಂದೇ, ನೋಡ್ರಿ" ಎಂದ ಕಾಕಾ. ಎಲ್ಲರಿಗಿಂತ ಕರಿಯವನ ಮೇಲೆ ಬೆರಳಿಟ್ಟು, "ಇವ ನಾನೇ ಬಿಡ್ರಿ" ಎಂದೆ ನಾನು. ಚಿತ್ರದ ನೀರು ನೋಡಿಯೋ ಏನೋ, ಶಾಂತಾಳಿಗೆ ನೀರಡಿಕೆಯಾಯಿತು. ಓಣಿಯ ಆಚೆ ತುದಿಯವಳು. ಅವರ ಮನೆಯವರು ಆಗಷ್ಟೇ ಬೌದ್ಧರಾಗಿದ್ದರು. ನಮ್ಮ ಆಯಿ, ಅಂದರೆ ಅಜ್ಜಿ, ಎಂದಿನಂತೆ ತಂಬಿಗೆಯನ್ನು ಮೇಲೆತ್ತಿ, ತಾಗದ ಹಾಗೆ ಅವಳ ಬೊಗಸೆಗೆ ನೀರು ಹೊಯ್ದಳು. ನಾನು ಸುಮ್ಮನಿರಬೇಕೋ ಬೇಡವೋ? ಎದ್ದು ನಿಂತು, ಬಗ್ಗಿ, ಖಾಲಿ ಬೊಗಸೆ ಒಡ್ಡಿ, ಮೊಣಕೈಯಿಂದ ನೀರು ಸೋರಿದಂತೆ ಗಟಗಟ ಕುಡಿದು ತೋರಿಸಿದೆ. ಕಟ್ಟೆಯೆಲ್ಲ ನಕ್ಕಿತು. ಕಾಕಾನೂ ನಕ್ಕ. ಶಾಂತಾ ಬೊಗಸೆ ಬಿಚ್ಚಿದಳು. ನೀರು ಮಣ್ಣಿಗೆ ಹೋಯಿತು. "ಏ ಮಂಗ್ಯಾ, ಕೂಡೋ ಸುಮ್ಮ!" ಎಂದು ಆಯಿ ಗದರಿದಳು. ಕಾಕಾ ನಗು ನುಂಗಿ, ಅದೇ ಪುಟವನ್ನು ಶಾಂತಾಳ ಮುಂದೆ ಹಿಡಿದ. "ಸಿಟ್ಟಾಗಬ್ಯಾಡವ್ವಾ. ಇಲ್ಲಿ ನೋಡು, ಎಲ್ಲಾರೂ ಒಂದೇ..."

ಆ ಕಟ್ಟೆ ಈಗಿಲ್ಲ. ಕಾಕಾ ಇಲ್ಲ, ಆಯಿ ಇಲ್ಲ, ಆ ಪುಸ್ತಕ ಯಾವ ಗೆದ್ದಲಿನ ಪಾಲಾಯಿತೋ. ನಿಮಗೂ ಇಂಥದೊಂದು ಮನೆ ಇದ್ದೀತು, ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವಂಥದು. ಕೇಳಿದರೆ ಕಾಕಾನ ತೊದಲುಗನ್ನಡ ಈಗಲೂ ಮಾಡಿ ತೋರಿಸುತ್ತೇನೆ, ಆಯಿಯ ಗದರಿಕೆಯನ್ನೂ. ಶಾಂತಾಳ ದನಿಯೊಂದು ಮಾತ್ರ ನನ್ನ ಗಂಟಲಿಗೆ ಇಳಿಯಲೊಲ್ಲದು. ಎಷ್ಟು ಸಲ ಮಾಡಿ ನೋಡಿದ್ದೇನೆ. ಅವತ್ತು ಅವಳು ಕೂಗಾಡಲಿಲ್ಲ, ಅಳಲಿಲ್ಲ. ಅವಳು ಆಡಿದ್ದು ಒಂದೇ ಮಾತು. ಅದನ್ನು ಕೇಳಿ ಕಾಕಾ ಪುಸ್ತಕ ಮುಚ್ಚಿ ತಾನೇ ನಮ್ಮ ಮನೆಯ ಕೊಡದ ಹತ್ತಿರ ಹೋದ. ಆಮೇಲೆ ನಮ್ಮ ಮನೆಯಲ್ಲಿ ಯಾರ ಬೊಗಸೆಗೂ ಮೇಲಿನಿಂದ ನೀರು ಬೀಳಲಿಲ್ಲ. ಅವಳು ಅಂದದ್ದು ಇಷ್ಟೇ:

"ಚಿತ್ರ ಆಮ್ಯಾಲ ತೋರಸ್ರಿ ಮಾಸ್ತರ್. ಮೊದಲ ಆ ತಂಬಿಗಿ ನನ್ನ ಕೈಯಾಗ ಕೊಡ್ರಿ."