ಹಿಂದಿನ ದೀಪದ ಗಾಜು ಮತ್ತು ನನ್ನ ಡಿಲಕ್ಸ್

ಒಂದು ಕೆಂಪು ಗಾಜಿಗಾಗಿ ನಾನು ಖರ್ಚು ಮಾಡಿದ ತಾಳ್ಮೆಯನ್ನು ಸಂಶೋಧನೆಯಲ್ಲಿ ತೋರಿಸಿದ್ದರೆ ಇನ್ನೆರಡು ಪ್ರಬಂಧ ಹೊರಬರುತ್ತಿದ್ದವು. ಹಿರೋಷಿಮಾದ ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸದ ಅವಧಿ ಮುಗಿಯುತ್ತಿತ್ತು. ಬೆಂಗಳೂರಿಗೆ ಹೊರಡುವ ಮೊದಲು ನಮ್ಮ ಹಳೆಯ ಅಮೆರಿಕನ್ ಕಾರಿನಲ್ಲಿ ಸಮುದ್ರದ ಮೇಲಿನ ಸೇತುವೆಗಳನ್ನು ದಾಟಿ ದ್ವೀಪದಿಂದ ದ್ವೀಪಕ್ಕೆ ಹೋಗಬೇಕು, ಇಷ್ಟೇ ಹೆಂಡತಿಯ ಆಸೆ. ಮೂರು ವರ್ಷದಿಂದ ಮುಂದಿನ ರಜೆಗೆ, ಮುಂದಿನ ರಜೆಗೆ ಎಂದು ತಳ್ಳುತ್ತ ಬಂದವನು ನಾನು.

ಆಗಲೇ ಹಿಂದಿನ ದೀಪದ ಗಾಜು ಒಡೆಯಿತು. ತಿಂಗಳ ಕೊನೆಗೆ ಶಾಕೆನ್, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಸರ್ಕಾರಿ ತಪಾಸಣೆ. ಒಡೆದ ದೀಪದೊಂದಿಗೆ ಅದರಲ್ಲಿ ಪಾಸಾಗುವುದು ಸಾಧ್ಯವಿಲ್ಲ. ಪಾಸಾಗದ ಕಾರು ರಸ್ತೆಗೆ ಇಳಿಯುವಂತಿಲ್ಲ.

ಅದು ತನ್ನ ಕಾಲದಲ್ಲಿ ಅಮೆರಿಕದ ಸಾಮಾನ್ಯ ಸಂಸಾರಸ್ಥರ ಅಗ್ಗದ ಕಾರು. ಆದರೂ ಹೋಟೆಲಿನ ಬೋರ್ಡಿನ ಮೇಲಿನ ದೋಸೆಗಳಷ್ಟು ಬಗೆ. ಎರಡು ಬಾಗಿಲಿನದು, ನಾಲ್ಕು ಬಾಗಿಲಿನದು, ಕಿಟಕಿಗಳ ನಡುವೆ ಕಂಬವೇ ಇಲ್ಲದ ಹಾರ್ಡ್‌ಟಾಪ್, ಸಾಮಾನು ತುಂಬುವ ಸ್ಟೇಷನ್ ವ್ಯಾಗನ್. ಅದರ ಮೇಲೆ ಬೇಸ್ ಮಾಡೆಲ್, ಡಿಲಕ್ಸ್ ಎಂಬ ಅಂತಸ್ತು ಬೇರೆ. ಅಗ್ಗದ ಕಾರಿಗೆ ಇಷ್ಟೆಲ್ಲ ಬಿಂಕ ಯಾಕೋ! ಒಂದರ ಗಾಜು ಇನ್ನೊಂದಕ್ಕೆ ಕೂರುವುದಿಲ್ಲ.

ಗ್ಯಾರೇಜ್ ನಡೆಸುತ್ತಿದ್ದ ಮುದುಕರೊಬ್ಬರು ಹೊಸ ಗಾಜು ತರಿಸಲು ಒಂದು ಫಾರಂ ಕೊಟ್ಟರು. ಕಾರಿನ ಆಕಾರದ ಜಾಗವನ್ನು ನಾನು ಖಾಲಿ ಬಿಟ್ಟೆ. ಬಂದದ್ದು ವ್ಯಾಗನ್‌ನ ಉದ್ದನೆಯ ಗಾಜು. ಎರಡನೇ ಸಲ "ಎರಡು ಬಾಗಿಲು" ಎಂದಷ್ಟೇ ಬರೆದೆ. ಹಾರ್ಡ್‌ಟಾಪಿನದು ಬಂತು. ಪ್ರತಿ ಸಲವೂ ತಪ್ಪು ತಮ್ಮದೇ ಎಂಬಂತೆ ಅವರು ಸೊಂಟ ಬಗ್ಗಿಸಿ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರನೇ ಸಲ ಎಲ್ಲವನ್ನೂ ತುಂಬಿದೆ: ಎರಡು ಬಾಗಿಲು, ಕಂಬ ಇದೆ, ಡಿಲಕ್ಸ್.

ಬಂದ ಗಾಜು ಚೆನ್ನಾಗಿತ್ತು. ಸುತ್ತ ಹೊಳೆಯುವ ಬಳೆ, ನಡುವೆ ಬಿಳಿಯ ರಿವರ್ಸ್ ದೀಪ. ಆದರೆ ನನ್ನ ಕಾರಿನ ತೂತಿಗಿಂತ ಎರಡು ಬೆರಳು ದೊಡ್ಡದು.

"ಇದು ಡಿಲಕ್ಸ್‌ಗೇ ಮಾಡಿದ್ದಲ್ಲವೇ?" ಎಂದು ರೇಗಿದೆ.

"ಹೌದು. ನಿಮ್ಮ ಕಾರಿನಲ್ಲಿರುವುದು ಬೇಸ್ ಮಾಡೆಲಿನ ದೀಪ," ಎಂದರು ಮುದುಕರು ಮೆಲ್ಲಗೆ. "ಹಿಂದೆ ಯಾರೋ ಬದಲಿಸಿರಬೇಕು, ನೀವು ಮೊದಲಿನಂತೆ ಮಾಡಿಸಲು ಬಯಸಿದ್ದೀರಿ ಎಂದುಕೊಂಡೆ. ದೊಡ್ಡ ಗಾಜಿಗೆ ತಕ್ಕ ಹಿಂಬದಿಯ ತಗಡು ಒಸಾಕಾದಲ್ಲಿ ಒಬ್ಬರ ಬಳಿ ಇದೆ. ಅವರು ತಮ್ಮ ಕಾರಿನಿಂದಲೇ ಬಿಚ್ಚಿ ಕೊಡಲು ಒಪ್ಪಿದ್ದಾರೆ."

ಕಾರಿನ ಬೆನ್ನಿನ ಮೇಲೆ "ಡಿಲಕ್ಸ್" ಎಂಬ ಹೊಳೆಯುವ ಅಕ್ಷರಗಳನ್ನು ಡಬಲ್ ಟೇಪ್ ಹಾಕಿ ಅಂಟಿಸಿದವನು ನಾನೇ. ನೋಡಿ ನೋಡಿ ಅದು ನನಗೇ ನಿಜವೆನಿಸಿ, ಫಾರಂನಲ್ಲೂ ಅದನ್ನೇ ಬರೆದಿದ್ದೆ. ಬೆಂಗಳೂರಿನಲ್ಲಿ ಅದೇನು ಮಹಾ? ಬೇಸ್ ಮಾಡೆಲ್ ಕೊಂಡು ಟಾಪ್ ಎಂಡ್ ಬ್ಯಾಡ್ಜ್ ಅಂಟಿಸಿಕೊಂಡವರು ನಮ್ಮ ಬೀದಿಯಲ್ಲೇ ಮೂವರಿದ್ದರು. ಯಾರೂ ಕೇಳುವುದಿಲ್ಲ, ಯಾರೂ ನಂಬುವುದೂ ಇಲ್ಲ. ಇಲ್ಲಿ ಈ ಮುದುಕರು ನಂಬಿ, ಅಪರಿಚಿತನೊಬ್ಬನ ಕಾರನ್ನು ಬಿಚ್ಚಿಸಲು ಹೊರಟಿದ್ದರು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮೊದಲ ದಿನವೇ ಒಂದು ಮಾತು ಕೇಳಬಾರದಿತ್ತೇ ಎಂದು ಅವರ ಮೇಲೇ ಸಿಟ್ಟು ಬಂತು. ಅದು ಅನ್ಯಾಯದ ಸಿಟ್ಟು ಎಂದು ಗೊತ್ತಿದ್ದೂ ಬಂತು.

ಉಗುರಿನಿಂದ ಬ್ಯಾಡ್ಜನ್ನು ಕಿತ್ತು ಅವರ ಮೇಜಿನ ಮೇಲಿಟ್ಟೆ. ಅವರು ಅದರ ಹಿಂದಿನ ಟೇಪನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಗ್ಗಿದರು. "ಸುಮಿಮಾಸೆನ್. ನಾನು ಕೇಳಬೇಕಿತ್ತು." ಆಮೇಲೆ ಹೊಸ ಫಾರಂ ಕೊಟ್ಟರು. ನಾನು "ಬೇಸ್" ಎಂದು ಬರೆದೆ. ಹಿಂದಿನ ಗಾಜುಗಳೆಲ್ಲ ಜಪಾನಿನಲ್ಲೇ ಸಿಕ್ಕಿದ್ದವು, ಇದು ಅಮೆರಿಕದಿಂದ ಬರಲು ಮೂರು ವಾರ ಬೇಕು. ನಮ್ಮ ವಿಮಾನಕ್ಕೆ ಉಳಿದಿದ್ದು ಹತ್ತು ದಿನ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಹೆಂಡತಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಫೋನ್ ತೆಗೆದಳು.

"ಶನಿವಾರ ದ್ವೀಪಕ್ಕೆ ಬಸ್ ಇದೆ, ಬುಕ್ ಮಾಡ್ತೀನಿ," ಎಂದಳು. "ನಂಗೆ ಆ ಕಾರಲ್ಲಿ ಹೋಗ್ಬೇಕಿತ್ತು ಅಷ್ಟೇ ಕಣೋ. ಅದು ಡಿಲಕ್ಸ್ ಆಗಿರ್ಬೇಕು ಅಂತ ನಾನ್ಯಾವತ್ತು ಕೇಳಿದ್ದೆ?"