ದಾದಿ ಊದಿದ ನೀರು

ಔಷಧಿ ಗಿಡಗಳ ಮೇಲೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಇವತ್ತು ಗೊಬ್ಬೂರಿನ ನಮ್ಮ ಮನೆಗೆ ಬಂದಿದ್ದಳು. ಚೀಲದಿಂದ ಲಕ್ಕಿ ಸೊಪ್ಪು ತೆಗೆದು ಅಂಗೈಯಲ್ಲಿ ತಿಕ್ಕುತ್ತ, "ಗುಳಗಿ ಬದಲಿ ನಿಮ್ಮ ದಾದಿ ಏನೇನ್ ಕೊಡ್ತಿದ್ರು, ಹೇಳ್ರಿ ಸರ್" ಎಂದಳು. ಆ ಘಾಟಿಗೆ ನಾನು ಹೋಗಿ ದಾದಿಯ ಒಲೆಯ ಮುಂದೆ ಕೂತುಬಿಟ್ಟೆ.

ದಾದಿ ಎಂದರೆ ನಮ್ಮಪ್ಪನ ಅವ್ವ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಅವಳ ಹತ್ತಿರವೇ ಬರುವರು. ಲಕ್ಕಿ ಸೊಪ್ಪು ಕುದಿಸಿ ಹಬೆ ಕೊಡುವಳು. ಆಮೇಲೆ ತಲೆ ಮೇಲೆ ಸೆರಗು ಎಳೆದುಕೊಂಡು, ಹಿತ್ತಾಳೆ ಲೋಟದ ನೀರಿಗೆ ದುವಾ ಓದಿ, ಮೆಲ್ಲಗೆ ಊದಿ ಕುಡಿಸುವಳು.

ಒಮ್ಮೆ ಪಕ್ಕದ ಮನೆಯ ಕಲ್ಲವ್ವ ಜ್ವರದಿಂದ ಸೊರಗಿದ ಮಗಳನ್ನು ಹೊತ್ತು ತಂದಳು. ದಾದಿ ನೀರಿಗೆ ಊದಿದಳು, ಲೋಟ ಮಾತ್ರ ಕೊಡಲಿಲ್ಲ.

"ಡಾಕ್ಟರ್ ಕೊಟ್ಟ ಗುಳಗಿ ಎಲ್ಲಿ ಅವ ಬೇ?"

"ಮನ್ಯಾಗ ಅವ್ರಿ. ನಿಮ್ಮ ನೀರಿದ್ರ ಸಾಕ್ರಿ ಬೂಬಮ್ಮ."

"ನನ್ನ ದುವಾ ಒಬ್ಬಂಟಿ ಹೋಗಂಗಿಲ್ಲ. ಗುಳಗಿ ಕೈ ಹಿಡಕೊಂಡ ಹೋಗ್ತದ. ಓಡು, ತಗೊಂಡ ಬಾ!"

ಕಲ್ಲವ್ವ ಓಡಿದಳು. ಗುಳಿಗೆ ಗಂಟಲಿಳಿಯುವ ತನಕ ದಾದಿ ಲೋಟ ಕೈಬಿಡಲಿಲ್ಲ.

ಮುಂದೆ ಆ ಮಗು ನಮ್ಮ ಅಂಗಳದಲ್ಲೇ ಕುಂಟಾಬಿಲ್ಲೆ ಆಡತೊಡಗಿದಾಗ, "ಎಲ್ಲಾ ನಿಮ್ಮ ನೀರಿನ ಗುಣಾರಿ" ಎಂದು ಕಲ್ಲವ್ವ ಕೈಮುಗಿದಳು. ದಾದಿ ನಕ್ಕು, "ಇರ್ಲಿ, ಉಳದ ಗುಳಗೀನೂ ನುಂಗಸು" ಎಂದಳು.

ಸಂಶೋಧನೆಯ ಹುಡುಗಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಅವಳ 'ಬದಲಿ' ಎಂಬ ಮಾತು ಕಿವಿಯಲ್ಲೇ ಇತ್ತು. ಅಷ್ಟರಲ್ಲಿ ನನ್ನ ಬಿಪಿ ಗುಳಿಗೆಯ ಹೊತ್ತಾಗಿತ್ತು. ಗುಳಿಗೆ ಬಾಯಿಗೆ ಹಾಕಿಕೊಂಡು, ಲೋಟದ ನೀರಿಗೆ ಒಮ್ಮೆ ಊದಿ ಕುಡಿದೆ.

"ತಣ್ಣೀರಿಗ್ಯಾಕ ಊದ್ತೀರಿ ಸರ್?" ಎಂದು ಅವಳು ನಕ್ಕಳು.