ಲ್ಯಾಬಿನ ಬಸ್ಸಪ್ಪ, ಆಫೀಸಿನ ಬಸ್ಸಪ್ಪ

ಮಸ್ಕಿಯ ಪೀರಮ್ಮ ಜನ್ಮದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಚಿಕ್ಕಪುಟ್ಟವನ್ನು ಬಿಡಿ, ಅವನ್ನು ಯಾರು ಹೇಳುವುದಿಲ್ಲ? ಮಗಳು ಸುಕನ್ಯಾಳ ಮದುವೆ ಮಾತುಕತೆಯಲ್ಲಿ ಬೀಗತಿ ಉಮಾದೇವಿ, ಹುಡುಗಿಯ ತಂದೆಗೆ ಏನು ಕೆಲಸ ಎಂದು ಕೇಳಿದಾಗ, ಸಿಂಧನೂರಿನ ಕಾಲೇಜಿನಲ್ಲಿ ಆಫೀಸು ನೋಡಿಕೊಳ್ಳುತ್ತಾರೆ ಎಂದುಬಿಟ್ಟಿದ್ದಳು. ಗಂಡ ಬಸ್ಸಪ್ಪ ಪಕ್ಕದಲ್ಲೇ ಕೂತಿದ್ದ. ಚಹಾ ಕುಡಿದು ಬಸಿ ಕೆಳಗಿಟ್ಟ, ತುಟಿ ಪಿಟಕ್ಕೆನ್ನಲಿಲ್ಲ.

ಬಸ್ಸಪ್ಪ ಅದೇ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಮೂವತ್ತೊಂದು ವರ್ಷ ಮಸ್ಕಿಯಿಂದ ದಿನಾ ಬಸ್ಸು ಹಿಡಿದು ಹೋಗಿ, ಗಾಜಿನ ಜಾಡಿಗಳಲ್ಲಿದ್ದ ಸತ್ತ ಹಾವು, ಚೇಳು, ಮೀನುಗಳನ್ನು ಕೆಡದಂತೆ ಕಾದವನು. ಜಾಡಿಯೊಳಗಿನ ಔಷಧದ ನೀರು ಇಳಿದರೆ ತುಂಬಬೇಕು, ಮುಚ್ಚಳಕ್ಕೆ ಮೇಣ ಹಚ್ಚಬೇಕು, ಚೀಟಿ ಕಿತ್ತರೆ ಮತ್ತೆ ಅಂಟಿಸಬೇಕು. ಸಂಜೆ ಹಿತ್ತಲಲ್ಲಿ ಮೈ ತೊಳೆಯದೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಅದು ಪೀರಮ್ಮನ ಕಾನೂನು.

ಆಕೆಯನ್ನು ಬೈಯುವ ಮೊದಲು ಇದನ್ನಿಷ್ಟು ಕೇಳಿ. ಪೀರಮ್ಮನ ಅಪ್ಪ ಊರವರ ಸತ್ತ ದನ ಎಳೆದು ಹಾಕುತ್ತಿದ್ದವನು. ಎಳೆಸಿದವರೇ ಅವನನ್ನು ಅಂಗಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸತ್ತದ್ದನ್ನು ಮುಟ್ಟುವವನಿಗೆ ಮಾತ್ರ ನನ್ನನ್ನು ಕೊಡಬೇಡಿ ಎಂದು ಹಟ ಹಿಡಿದ ಹುಡುಗಿಗೆ ಸರ್ಕಾರಿ ನೌಕರಿಯವನೇ ಸಿಕ್ಕ. ಆ ನೌಕರಿಯಲ್ಲಿ ಅವನ ಪಾಲಿಗೆ ಬಂದದ್ದೋ, ಸತ್ತ ಹಾವು! ಹಣೆಬರಹವನ್ನು ಬೈದು ಬೈದು ಸಾಕಾದ ಮೇಲೆ ಆಕೆ ಅದನ್ನು ಯಾರಿಗೂ ಹೇಳದಿರುವುದನ್ನು ರೂಢಿ ಮಾಡಿಕೊಂಡಳು.

ಬಸ್ಸಪ್ಪ ನಿವೃತ್ತನಾದ ಮೇಲೆ ಅಳಿಯ ಶಿವಪ್ರಸಾದ, ಎರಡು ದಿನ ಹುಬ್ಬಳ್ಳಿಗೆ ಬಂದು ಹಾಯಾಗಿರಿ ಎಂದು ಕರೆದ. ಸಿಂಧನೂರಿಗೆ ಈಗ ರೈಲು ಬಂದಿದೆ. ಪೀರಮ್ಮ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕಿಟಕಿಯ ಸೀಟು ಹಿಡಿದು, ಗದಗ ದಾಟುವವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಶನಿವಾರ ಉಣಕಲ್ ಕೆರೆಯ ದಂಡೆಯ ಮೇಲೆ ಗಿರ್ಮಿಟ್ ತಿಂದರು. ಉಮಾದೇವಿ ಬೀಗತಿಗೆ ಇಳಕಲ್ ಸೀರೆ ಕೊಡಿಸಿದಳು. ಇಷ್ಟು ಒಳ್ಳೆಯವರು ಸಿಕ್ಕರಲ್ಲ ಎಂದು ಪೀರಮ್ಮನಿಗೆ ಕಣ್ಣು ತುಂಬಿ ಬಂತು.

ಭಾನುವಾರ ಅಳಿಯ ಎಲ್ಲರನ್ನೂ ಪ್ರಾಣಿಗಳ ಮ್ಯೂಸಿಯಂ ತೋರಿಸಲು ಕರೆದೊಯ್ದ. ಯಾರೋ ಹಳೆಯ ಡಾಕ್ಟರು ತಮ್ಮ ಬಂಗಲೆಯಲ್ಲಿ ಕೂಡಿಟ್ಟದ್ದು. ಮೊದಲ ಕೋಣೆಯಲ್ಲಿ ಹುಲ್ಲು ತುಂಬಿದ ತೋಳ, ಕೃಷ್ಣಮೃಗ. ಅಲ್ಲಿಯವರೆಗೆ ಎಲ್ಲ ಸರಿ. ಎರಡನೆಯದಕ್ಕೆ ಕಾಲಿಟ್ಟರೆ ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು. ಪೀರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ತನ್ನ ಮಾತಿಗೆ ಕಟ್ಟುಬಿದ್ದು ಮಗಳು ಗಂಡನಿಗೂ ಏನೂ ಹೇಳಿರಲಿಲ್ಲ. ಈಗ ಈ ಮನುಷ್ಯ ಬಾಯಿ ತೆರೆದರೆ, ಸುಕನ್ಯಾ ಆ ಮನೆಯಲ್ಲಿ ಸುಳ್ಳುಗಾರರ ಮಗಳಾಗಿ ಬಾಳಬೇಕಾಗುತ್ತದೆ. ಪೀರಮ್ಮ ಗಂಡನತ್ತ ಕಣ್ಣು ಬಿಟ್ಟಳು. ಅವನು ತಲೆಯಾಡಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಆದರೆ ಒಂದು ಜಾಡಿಯ ಮುಂದೆ ಅವನ ಕಾಲು ನಿಂತಿತು. ಮುಚ್ಚಳದ ಮೇಣ ಬಿರುಕು ಬಿಟ್ಟಿತ್ತು, ಔಷಧ ಅರ್ಧಕ್ಕೆ ಇಳಿದಿತ್ತು. ನೀರುಹಾವಿನ ಮೇಲಿನ ಸುತ್ತು ಒಣಗಿ ಬೆಳ್ಳಗಾಗಿತ್ತು. ಬಸ್ಸಪ್ಪ ಮುಂದಕ್ಕೆ ಹೋದ, ಮತ್ತೆ ಬಂದ. ಇನ್ನೊಮ್ಮೆ ಹೋದ, ಇನ್ನೊಮ್ಮೆ ಬಂದ. ಪಕ್ಕದಲ್ಲೇ ಮ್ಯೂಸಿಯಂ ನೋಡಿಕೊಳ್ಳುವ ನಜಮಾ ನಿಂತಿದ್ದಳು, ಒಂದು ಮಾತು ಹೇಳಿದರೆ ಸಾಕಿತ್ತು. ಅವನು ಹೇಳಲಿಲ್ಲ. ಸುಕನ್ಯಾ ಕೂಸಾಗಿದ್ದಾಗ ಜ್ವರ ಬಂದು ಮಲಗಿದರೆ ಅವನ ಮುಖ ಹೀಗೇ ಆಗುತ್ತಿತ್ತು.

ಆ ಮುಖ ನೋಡಿ ಪೀರಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮಗಳ ಡಿಗ್ರಿ, ಮಸ್ಕಿಯಲ್ಲಿ ಕಟ್ಟಿದ ಮನೆ, ಬರುವಾಗ ರೈಲಿನಲ್ಲಿ ತಿಂದ ರೊಟ್ಟಿ ಕೂಡ ಇಂಥ ಜಾಡಿಗಳಿಂದಲೇ ಬಂದದ್ದು. ತನ್ನ ಮರ್ಯಾದೆಗೆ ಅಂತ ಇವರು ಸ್ವಂತ ಕೆಲಸವನ್ನೇ ನುಂಗಿಕೊಂಡು ನಿಂತಿದ್ದಾರಲ್ಲ! ಇಂಥವರ ಋಣ ಹೇಗೆ ತೀರಿಸುವುದು? ಆಕೆ ಸೆರಗು ಸಿಕ್ಕಿಸಿ ನಜಮಾಳನ್ನು ಕರೆದಳು.

"ಯವ್ವಾ, ಈ ಹಾವು ಕೆಡಾಕತ್ತೈತಿ ನೋಡು. ನಮ್ಮ ಮನಿಯವರಿಗೆ ಇದರ ಕೆಲಸ ಗೊತ್ತೈತಿ. ಮೂವತ್ತೊಂದು ವರ್ಷ ಇದನ್ನ ಮಾಡ್ಯಾರ." ಆಮೇಲೆ ಉಮಾದೇವಿಯ ಕಡೆ ತಿರುಗಿದಳು. "ಬೀಗತ್ಯಾರ, ಆಫೀಸ್ನ್ಯಾಗ ಅದಾರ ಅಂತ ನಿಮಗ ಸುಳ್ಳು ಹೇಳೀನ್ರಿ. ಬೈಯೂದಿದ್ರ ನನಗ ಬೈರಿ. ನನ್ನ ಮಗಳದೇನೂ ತಪ್ಪಿಲ್ಲ."

ಸುಕನ್ಯಾ ತಾಯಿಯ ಕೈ ಗಟ್ಟಿಯಾಗಿ ಹಿಡಿದಳು. ಉಮಾದೇವಿ ಜಾಡಿ ನೋಡಿದಳು, ಬಸ್ಸಪ್ಪನನ್ನು ನೋಡಿದಳು. ಕೊನೆಗೆ ಮೆಲ್ಲಗೆ ಅಂದಳು: "ನಮ್ಮ ಮಾವನವರು ಚರ್ಮ ಹದ ಮಾಡಿ ನಮ್ಮ ಮನಿಯವರನ್ನ ಓದಿಸ್ಯಾರ್ರಿ. ನಾವೂ ಯಾರ ಮುಂದೂ ಹೇಳಿಲ್ಲ."

ನಜಮಾ ಕೈಗವಸು, ಔಷಧದ ಬಾಟಲಿ, ಮೇಣ ತಂದುಕೊಟ್ಟಳು. ಇದನ್ನು ತುಂಬುವವರು ಸಿಗದೆ ಎಷ್ಟು ದಿನದಿಂದ ಒದ್ದಾಡುತ್ತಿದ್ದೇವೆ ಎಂದೂ ಹೇಳಿದಳು. ಬಸ್ಸಪ್ಪ ಅಂಗಿಯ ತೋಳು ಮೇಲೇರಿಸಿದ. ಅರ್ಧ ಗಂಟೆಯಲ್ಲಿ ಹಾವು ಪೂರ್ತಿ ಮುಳುಗಿ, ಮುಚ್ಚಳ ಗಟ್ಟಿಯಾಗಿ ಕೂತಿತು. ಪಕ್ಕದ ಜಾಡಿಯಲ್ಲಿರುವುದು ಏನೆಂದು ಉಮಾದೇವಿ ಕೇಳಿದ್ದೇ ತಡ, ಅವನ ಬಾಯಿ ಬಿಚ್ಚಿಕೊಂಡಿತು. ಯಾವ ಚೇಳು ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ, ಕಪ್ಪೆಯ ನಾಲಿಗೆ ಬಾಯಲ್ಲಿ ಎಲ್ಲಿ ಅಂಟಿರುತ್ತದೆ, ಯಾವ ಹಾವಿಗೆ ವಿಷವಿಲ್ಲ. ಅಳಿಯ ಒಂದೊಂದನ್ನೂ ಮತ್ತೆ ಮತ್ತೆ ಕೇಳುತ್ತಾ ಹಿಂದೆ ನಡೆದ. ಪೀರಮ್ಮ ಎಲ್ಲರಿಗಿಂತ ಹಿಂದೆ ನಿಂತು ಕೇಳಿದಳು. ಒಂದೂ ಆಕೆಗೆ ಗೊತ್ತಿರಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಗಂಡ ಹೆಂಡತಿ ಇಬ್ಬರೇ ಉಳಿದಿದ್ದರು.

"ಮೂವತ್ತೊಂದು ವರ್ಷದಾಗ," ಎಂದಳು ಪೀರಮ್ಮ, ಅವನ ಮುಖ ನೋಡದೆ, "ಇವತ್ತು ಏನ್ ಮಾಡಿದ್ರಿ ಅಂತ ನಿಮ್ಮನ್ನ ಒಂದಿನಾನೂ ಕೇಳಲಿಲ್ಲಲ್ರೀ ನಾ."

"ಹೋಗ್ಲಿ ಬಿಡು," ಎಂದ ಬಸ್ಸಪ್ಪ.

"ಬಿಡಂಗಿಲ್ಲ. ಹೊಳ್ಳಿ ಹೋಗೂವಾಗ ರೈಲಿನ್ಯಾಗ, ಮೊದಲನೇ ದಿನದಿಂದ ಹೇಳ್ರಿ."